ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಲ್ಲುವುದೇಕೆ, ಕದಲಿದರೆ ಏನು ಮಾಡಬೇಕು

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಟೆಂಪರೇಚರ್ ಮೀಟರ್‌ನ ಮುಳ್ಳು ‘ಸಿ’ (ಕೋಲ್ಡ್, ಅಂದರೆ ತಣ್ಣಗೆ) ಗೆರೆಯ ಮೇಲೆ ಮಲಗಿರುತ್ತದೆ. ನಾಲ್ಕೈದು ಕಿಲೋಮೀಟರ್ ಓಡುವಷ್ಟರಲ್ಲಿ ಮೇಲೇರಿ ಮಧ್ಯಕ್ಕೋ, ಅದಕ್ಕಿಂತ ತುಸು ಕೆಳಗೋ ನಿಲ್ಲುತ್ತದೆ. ಆಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತರೂ, ತುಮಕೂರು ಹೆದ್ದಾರಿಯಲ್ಲಿ ವೇಗವಾಗಿ ಹೋದರೂ ಅಲ್ಲಿಂದ ಅಲ್ಲಾಡುವುದಿಲ್ಲ. ಇದನ್ನು ನೋಡಿ ಎಂಜಿನ್ನಿನ ಬಿಸಿ ಸದಾ ಒಂದೇ ಮಟ್ಟದಲ್ಲಿದೆ ಎಂದು ಬಹಳ ಮಂದಿ ನಂಬಿದ್ದಾರೆ. ಅದೇ ಹೊತ್ತಿಗೆ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದಲು ಇರುವ ಸಾಕೆಟ್) ರೀಡರ್ ಸಿಕ್ಕಿಸಿ ನೋಡಿದರೆ ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ತಾಪ 82 ಡಿಗ್ರಿಯಿಂದ 102 ಡಿಗ್ರಿಯವರೆಗೆ ಏರಿ ಇಳಿಯುತ್ತಿರುವುದು ಕಾಣುತ್ತದೆ. ಇಪ್ಪತ್ತು ಡಿಗ್ರಿ ವ್ಯತ್ಯಾಸವಾದರೂ ಮುಳ್ಳು ಕದಲಲಿಲ್ಲವೆಂದು ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹಾಗೆ ನಿಲ್ಲುವಂತೆಯೇ ಅದನ್ನು ಮಾಡಿದ್ದಾರೆ. ಹೀಗಿರುವಾಗ ಮುಳ್ಳು ಎಲ್ಲಿದೆ ಎನ್ನುವುದರ ಜೊತೆಗೆ ಅದು ಯಾವಾಗ, ಯಾವ ಸಂದರ್ಭದಲ್ಲಿ, ಎಷ್ಟು ಬೇಗ ಕದಲಿತು ಎನ್ನುವುದನ್ನೂ ಓದಲು ಬರಬೇಕು.

ಸೆನ್ಸರಿನಿಂದ ಮುಳ್ಳಿನವರೆಗೆ

ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನಲ್ಲೋ, ತಾಪಕ್ಕೆ ತಕ್ಕಂತೆ ಕೂಲೆಂಟ್ ಬಿಡುವ ವಾಲ್ವ್ ಆದ ಥರ್ಮೋಸ್ಟಾಟಿನ ಹೌಸಿಂಗಿನಲ್ಲೋ, ಕೂಲೆಂಟ್ ಹರಿಯುವ ಜಾಗದಲ್ಲಿ, ಒಂದು ಸೆನ್ಸರ್ ಕೂತಿರುತ್ತದೆ. ಅದರ ತುದಿಯೊಳಗೆ ಥರ್ಮಿಸ್ಟರ್ ಇದೆ. ಬಿಸಿ ಹೆಚ್ಚಿದಂತೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಇಳಿಯುತ್ತದೆ. ಮಾರುತಿ ಸುಜುಕಿ ಸೇರಿ ಜಪಾನ್ ಮೂಲದ ಹಲವು ಕಾರುಗಳ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,450 ಓಮ್, 40ರಲ್ಲಿ 1,150, 60ರಲ್ಲಿ 580, 80ರಲ್ಲಿ 320, 100 ಡಿಗ್ರಿಯಲ್ಲಿ 190 ಓಮ್ ಆಸುಪಾಸು ತೋರಿಸುತ್ತದೆ. 20ರಿಂದ 40 ಡಿಗ್ರಿಗೆ ಏರುವಾಗ 1,300 ಓಮ್ ಇಳಿಯುವ ಸೆನ್ಸರ್, 80ರಿಂದ 100ಕ್ಕೆ ಏರುವಾಗ ಇಳಿಯುವುದು 130 ಓಮ್ ಮಾತ್ರ. ಅಂದರೆ ನಮಗೆ ಬೇಕಾದ ಬಿಸಿಯ ಕಡೆಯಲ್ಲಿ ಸಿಗ್ನಲ್ಲಿನ ಬದಲಾವಣೆ ತೀರಾ ಸಣ್ಣದು. ಸೆನ್ಸರಿಗೆ ವೈರ್ ಸೇರುವ ಕಪ್ಲರ್‌ನಲ್ಲಿ ಹಸಿರು ತುಕ್ಕು ಹಿಡಿದು ನೂರು ಓಮ್ ಹೆಚ್ಚಾದರೂ ಲೆಕ್ಕ ಹದಿನೈದಿಪ್ಪತ್ತು ಡಿಗ್ರಿ ತಪ್ಪುತ್ತದೆ, ಅದೂ ಎಂಜಿನ್ ಇರುವುದಕ್ಕಿಂತ ತಂಪಾಗಿದೆ ಎನ್ನುವ ಅಪಾಯದ ದಿಕ್ಕಿಗೆ.

ಹಳೆಯ ಕಾರುಗಳಲ್ಲಿ ಮೀಟರ್‌ಗೆಂದೇ ಒಂದೇ ವೈರಿನ ಪ್ರತ್ಯೇಕ ಸೆನ್ಸರ್ ಇರುತ್ತಿತ್ತು. ಅದರ ಅರ್ತ್ ಎಂಜಿನ್ ಬಾಡಿಯ ಮೂಲಕವೇ. ವೈರು ನೇರ ಮೀಟರ್‌ಗೆ ಹೋಗಿ, ಹರಿಯುವ ಕರೆಂಟಿಗೆ ತಕ್ಕಂತೆ ಮುಳ್ಳು ಏರುತ್ತಿತ್ತು. ಇಂಥ ಸೆನ್ಸರ್ ಬದಲಾಯಿಸುವಾಗ ಲೀಕ್ ಆಗದಿರಲಿ ಎಂದು ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿದರೆ ಅರ್ತ್ ಸರಿಯಾಗಿ ಸಿಗದೆ ಮುಳ್ಳು ಕೆಳಗೇ ಉಳಿಯುತ್ತದೆ. ಈಗಿನ ಕಾರುಗಳಲ್ಲಿ ಎರಡು ವೈರಿನ ಒಂದೇ ಸೆನ್ಸರ್ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಸುದ್ದಿ ಕೊಡುತ್ತದೆ. ಇಸಿಯು ಅದನ್ನು ಪೆಟ್ರೋಲ್ ಎಷ್ಟು ಹಾಕಬೇಕು, ಫ್ಯಾನ್ ಯಾವಾಗ ತಿರುಗಬೇಕು ಎಂದು ನಿರ್ಧರಿಸಲು ಬಳಸಿ, ಮೀಟರ್ ಬೋರ್ಡಿಗೂ ಒಂದು ಅಂಕಿ ಕಳಿಸುತ್ತದೆ. ಅಲ್ಲಿರುವ ಪುಟ್ಟ ಸ್ಟೆಪರ್ ಮೋಟರ್ ಮುಳ್ಳನ್ನು ತಿರುಗಿಸುತ್ತದೆ.

ಈ ಕೊನೆಯ ಹಂತದಲ್ಲಿ ತಯಾರಕರು ಒಂದು ಬದಲಾವಣೆ ಮಾಡಿದರು. ನಿಜದ ತಾಪಕ್ಕೆ ಮುಳ್ಳು ಕುಣಿಯುತ್ತಿದ್ದರೆ ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತಾಗ ಸ್ವಲ್ಪ ಏರಿದ್ದನ್ನು ಕಂಡೂ ಗ್ರಾಹಕರು ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಬರುತ್ತಿದ್ದರು, ಗಾಡಿಯಲ್ಲಿ ದೋಷವೇನೂ ಇರುತ್ತಿರಲಿಲ್ಲ. ಅದಕ್ಕೆ ಸಾಫ್ಟ್‌ವೇರಿನಲ್ಲಿ ಒಂದು ಅಗಲವಾದ ಪಟ್ಟಿ ಹಾಕಿ, ತಾಪ ಅದರೊಳಗೆ ಎಲ್ಲಿದ್ದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿದರು. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ: ನಿಜದ ತಾಪ ಸುಮಾರು 75ರಿಂದ 105 ಡಿಗ್ರಿಯವರೆಗೆ ಎಲ್ಲಿದ್ದರೂ ಮುಳ್ಳು 90ರ ಗೆರೆಗೆ ಅಂಟಿಕೊಂಡಿರುತ್ತದೆ. ಬೇರೆ ಕಂಪನಿಗಳ ಪಟ್ಟಿ ಸ್ವಲ್ಪ ಅಗಲವೋ ಕಿರಿದೋ ಇರಬಹುದು, ಉಪಾಯ ಒಂದೇ.

ಇದರಿಂದ ಚಾಲಕನಿಗೆ ನೆಮ್ಮದಿ ಸಿಕ್ಕಿತು, ಆದರೆ ಮುನ್ಸೂಚನೆ ಕಡಿಮೆಯಾಯಿತು. ಹಳೆಯ ಕಾರಿನಲ್ಲಿ ಮುಳ್ಳು ಮಧ್ಯದಿಂದ ಮೇಲೆ ಹೋಗುತ್ತಿದೆ ಎಂದರೆ ನೋಡಿ ನಿರ್ಧರಿಸಲು ಸಮಯವಿರುತ್ತಿತ್ತು. ಪಟ್ಟಿ ಹಾಕಿದ ಮೀಟರ್‌ನಲ್ಲಿ ಮುಳ್ಳು ಮಧ್ಯವನ್ನು ಬಿಟ್ಟಿತೆಂದರೆ ತಾಪ ಆಗಲೇ 110ರ ಆಸುಪಾಸು. ಅಲ್ಲಿಂದ ಕೆಂಪು ಗೆರೆಗೆ ಹೋಗಲು ಒಂದೆರಡು ನಿಮಿಷ ಸಾಕು.

ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳನ್ನೇ ತೆಗೆದುಹಾಕಿ ಎರಡು ದೀಪ ಕೊಟ್ಟಿದ್ದಾರೆ. ನೀಲಿ ದೀಪ ಎಂಜಿನ್ ಇನ್ನೂ ತಣ್ಣಗಿದೆ ಎನ್ನುತ್ತದೆ, ಸ್ವಲ್ಪ ಬೆಚ್ಚಗಾದ ಮೇಲೆ ಆರುತ್ತದೆ. ಕೆಂಪು ದೀಪ ಹೊತ್ತಿದರೆ ಅತಿಯಾಗಿ ಬಿಸಿಯಾಗಿದೆ. ನಡುವಿನದ್ದು ಏನೂ ಕಾಣುವುದಿಲ್ಲ. ಅಂಥ ಕಾರು ಇರುವವರು ಘಾಟಿ ದಾರಿಯಲ್ಲಿ ಹೆಚ್ಚು ಓಡಾಡುವುದಾದರೆ ಒಂದು ಬ್ಲೂಟೂತ್ ಒಬಿಡಿ ರೀಡರ್ ಕೊಂಡಿಟ್ಟುಕೊಳ್ಳುವುದು ನಿಜಕ್ಕೂ ಲಾಭದ ಮಾತು. ಮೊಬೈಲಿನಲ್ಲಿ ಕೂಲೆಂಟ್ ತಾಪ ಒಂದೊಂದು ಡಿಗ್ರಿ ಲೆಕ್ಕದಲ್ಲಿ ಕಾಣುತ್ತದೆ.

ತಾಪ ಏರುವುದೂ ಇಳಿಯುವುದೂ ಸಹಜ

ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ, ಹಾಗಾಗಿ ಬೇಗ ಬಿಸಿಯೇರುತ್ತದೆ. ಥರ್ಮೋಸ್ಟಾಟ್ ಒಳಗಿನ ಮೇಣ ಕರಗಿ ಹಿಗ್ಗಿದಾಗ ವಾಲ್ವ್ ತೆರೆಯುತ್ತದೆ. ಅದು ತೆರೆಯಲು ಶುರುವಾಗುವ ತಾಪವನ್ನು ಅದರ ಮೇಲೆಯೇ ಒತ್ತಿರುತ್ತಾರೆ, ಸಾಮಾನ್ಯವಾಗಿ 82 ಅಥವಾ 88. ಪೂರ್ತಿ ತೆರೆಯುವುದು ಅದಕ್ಕಿಂತ ಹನ್ನೆರಡು ಹದಿಮೂರು ಡಿಗ್ರಿ ಮೇಲೆ. ಮೊದಲ ಸಲ ತೆರೆದಾಗ ರೇಡಿಯೇಟರ್‌ನಲ್ಲಿದ್ದ ತಣ್ಣನೆಯ ಕೂಲೆಂಟ್ ಒಳಗೆ ನುಗ್ಗುವುದರಿಂದ ಅಂಕಿ ಐದಾರು ಡಿಗ್ರಿ ಕುಸಿದು ಮತ್ತೆ ಏರುತ್ತದೆ. ಪಟ್ಟಿ ಇಲ್ಲದ ಹಳೆಯ ಮೀಟರ್‌ಗಳಲ್ಲಿ ಇದು ಕಣ್ಣಿಗೂ ಕಾಣುತ್ತದೆ. ಹೆದರಬೇಕಿಲ್ಲ.

ಗಂಟೆಗೆ ಐವತ್ತು ಕಿಲೋಮೀಟರ್ ಮೇಲಿನ ವೇಗದಲ್ಲಿ ಎದುರು ಗಾಳಿಯೇ ರೇಡಿಯೇಟರ್‌ಗೆ ಸಾಕು, ತಾಪ ಥರ್ಮೋಸ್ಟಾಟ್ ಅಂಕಿಯ ಹತ್ತಿರವೇ ಇರುತ್ತದೆ. ಟ್ರಾಫಿಕ್ಕಿನಲ್ಲಿ ಗಾಳಿ ಇಲ್ಲ, ತಾಪ ಏರುತ್ತಾ 95ರಿಂದ 100ರ ನಡುವೆ ಎಲ್ಲೋ ಫ್ಯಾನ್ ಶುರುವಾಗುತ್ತದೆ, ಐದಾರು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ, ಮತ್ತೆ ಏರುತ್ತದೆ. ಎಸಿ ಹಾಕಿದರೆ ಬಹುತೇಕ ಕಾರುಗಳಲ್ಲಿ ಕೂಲೆಂಟ್ ಎಷ್ಟೇ ತಣ್ಣಗಿರಲಿ ಫ್ಯಾನ್ ತಿರುಗುತ್ತದೆ, ಏಕೆಂದರೆ ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರ್‌ಗೂ ಗಾಳಿ ಬೇಕು.

ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತುವಾಗಿನ ಲೆಕ್ಕ ಬೇರೆ. ಎರಡನೇ ಗೇರಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತಿದೆ, ವೇಗ ಇಪ್ಪತ್ತು ಮೂವತ್ತು ಮಾತ್ರ, ಮುಂದೆ ಲಾರಿ, ಒಳಗೆ ಎಸಿ. ಕೂಲಿಂಗ್ ವ್ಯವಸ್ಥೆಯ ನಿಜವಾದ ಪರೀಕ್ಷೆ ಇಲ್ಲೇ ನಡೆಯುತ್ತದೆ. ಊರೊಳಗೆ ವರ್ಷಗಟ್ಟಲೆ ಸುಮ್ಮನಿದ್ದ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಘಾಟಿಯಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ಸಂದರ್ಭ: ಘಾಟಿ ಹತ್ತಿ ಹೋಟೆಲ್ ಎದುರು ಕಾರು ಆಫ್ ಮಾಡಿ, ಹತ್ತು ನಿಮಿಷ ಕಾಫಿ ಕುಡಿದು ಬಂದು ಕೀ ತಿರುಗಿಸಿದರೆ ಮುಳ್ಳು ಮೊದಲಿಗಿಂತ ಮೇಲಿರುವುದುಂಟು. ಎಂಜಿನ್ ನಿಂತಾಗ ವಾಟರ್ ಪಂಪ್ ಕೂಡ ನಿಲ್ಲುತ್ತದೆ, ಲೋಹದಲ್ಲಿರುವ ಬಿಸಿ ನಿಂತ ಕೂಲೆಂಟಿಗೆ ಇಳಿಯುತ್ತದೆ. ಸ್ಟಾರ್ಟ್ ಆಗಿ ಕೂಲೆಂಟ್ ಸುತ್ತಲು ಶುರುವಾದರೆ ಅರ್ಧ ನಿಮಿಷದಲ್ಲಿ ಮುಳ್ಳು ತನ್ನ ಜಾಗಕ್ಕೆ ಬರಬೇಕು. ಬರದಿದ್ದರೆ ಹೊರಡಬೇಡಿ.

ಮುಚ್ಚಳದ ಕೆಲಸ

ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬ ಅಂಕಿ ಇರುತ್ತದೆ. ಅದು ಸ್ಪ್ರಿಂಗ್ ತಡೆಯುವ ಒತ್ತಡ, ಬಾರ್ ಲೆಕ್ಕದಲ್ಲಿ. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ: ಒತ್ತಡ ಹೆಚ್ಚಿದಷ್ಟೂ ನೀರು ಕುದಿಯುವ ಮಟ್ಟ ಮೇಲೆ ಹೋಗುತ್ತದೆ. ಮಂಗಳೂರಿನಲ್ಲಿ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. 0.9 ಬಾರ್ ಒತ್ತಡವಿದ್ದರೆ ಕರಾವಳಿಯಲ್ಲಿ ಅದೇ ನೀರು 118 ಡಿಗ್ರಿ ದಾಟುವವರೆಗೆ ಕುದಿಯದು. ಅರ್ಧ ಎಥಿಲೀನ್ ಗ್ಲೈಕಾಲ್ ಕೂಲೆಂಟ್, ಅರ್ಧ ಶುದ್ಧ ನೀರು ಇದ್ದರೆ ಆ ಮಿತಿ 125 ದಾಟುತ್ತದೆ.

ಮುಚ್ಚಳದ ರಬ್ಬರ್ ಸೀಳಿ ಒತ್ತಡ ನಿಲ್ಲದಿದ್ದರೆ ಈ ರಕ್ಷಣೆಯೆಲ್ಲ ಹೋಯಿತು. ಫ್ಯಾನ್ ಶುರುವಾಗುವುದೇ 97ರ ಆಸುಪಾಸಿನಲ್ಲಿ, ಬರೀ ನೀರು ತುಂಬಿದ ಗಾಡಿಯಲ್ಲಿ ಬೆಂಗಳೂರಿನ ಎತ್ತರದಲ್ಲಿ ಕುದಿಯುವುದೂ 97ಕ್ಕೆ. ಮುಳ್ಳು ಮಧ್ಯದಲ್ಲಿ ಇರುವಾಗಲೇ ಕೂಲೆಂಟ್ ಕುದಿದು ರಿಸರ್ವ್ ಟ್ಯಾಂಕಿನಿಂದ ಉಕ್ಕುವುದು ಹೀಗೆ. ಕೆಲವೇ ನೂರು ರೂಪಾಯಿಯ ಭಾಗವನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸುವುದು ನಮ್ಮ ಗ್ಯಾರೇಜುಗಳ ರೂಢಿ. ಮೊದಲು ಅದನ್ನು ಬದಲಿಸಿ ನೋಡಬೇಕು, ಅದೇ ಒತ್ತಡದ ಅಂಕಿಯದ್ದನ್ನೇ ಹಾಕಬೇಕು.

ಬೋರ್‌ವೆಲ್ ನೀರು ಹಾಕಬೇಡಿ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ರೇಡಿಯೇಟರ್‌ನ ಕಿರಿದಾದ ನಾಳಗಳಲ್ಲೂ ಅದೇ ಆಗುತ್ತದೆ. ಕಾನ್ಸಂಟ್ರೇಟ್ ಕೂಲೆಂಟಿಗೆ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರು ಬೆರೆಸಬೇಕು, ಬೆರೆಸಿಯೇ ಬರುವ ರೆಡಿ ಮಿಕ್ಸ್ ಕೂಲೆಂಟಿಗೆ ಮತ್ತೆ ನೀರು ಸೇರಿಸಬಾರದು.

ಯಾವಾಗ ಕದಲಿತು ಎನ್ನುವುದೇ ಸುಳಿವು

ಟ್ರಾಫಿಕ್ಕಿನಲ್ಲಿ ನಿಂತಾಗ ಮುಳ್ಳು ಏರಿ, ಗಾಡಿ ಓಡಿದ ಕೂಡಲೇ ಇಳಿಯುತ್ತಿದ್ದರೆ ಫ್ಯಾನ್ ನೋಡಿ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ, ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಕಪ್ಲರ್, ಕೊನೆಗೆ ಮೋಟರ್, ಈ ಕ್ರಮದಲ್ಲಿ ಪರೀಕ್ಷಿಸಬೇಕು. ಎಸಿ ಹಾಕಿದಾಗ ತಿರುಗಿ, ಬಿಸಿಗೆ ತಿರುಗದಿದ್ದರೆ ಮೋಟರ್ ಚೆನ್ನಾಗಿದೆ, ಸೆನ್ಸರ್ ಅಥವಾ ಫ್ಯಾನ್ ಸ್ವಿಚ್ ಸುದ್ದಿ ಕೊಡುತ್ತಿಲ್ಲ. ಎರಡು ಸ್ಪೀಡಿನ ಫ್ಯಾನಿನಲ್ಲಿ ಕಡಿಮೆ ಸ್ಪೀಡ್ ಕೆಟ್ಟು, ಜೋರು ಸ್ಪೀಡ್ ಮಾತ್ರ ಉಳಿದಿದ್ದರೆ ತಾಪ ಬಹಳ ಮೇಲೆ ಹೋದ ಮೇಲೆ ಫ್ಯಾನ್ ಏಕಾಏಕಿ ಅಬ್ಬರಿಸುತ್ತದೆ.

ಊರೊಳಗೆ ಸರಿಯಿದ್ದು ಹೆದ್ದಾರಿಯ ವೇಗದಲ್ಲಿ, ಏರಿನಲ್ಲಿ ಏರುತ್ತಿದ್ದರೆ ಫ್ಯಾನ್ ತಪ್ಪಿಲ್ಲ. ಹುಟ್ಟುವ ಬಿಸಿಯಷ್ಟನ್ನು ರೇಡಿಯೇಟರ್ ಹೊರಹಾಕುತ್ತಿಲ್ಲ: ನಾಳ ಕಟ್ಟಿದೆ, ಅಥವಾ ವಾಟರ್ ಪಂಪಿನ ರೆಕ್ಕೆ ಸವೆದು ಹರಿವು ಸಾಲದು, ಅಥವಾ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಧೂಳು, ಹುಳು, ಒಣಗಿದ ಎಲೆ ತುಂಬಿ ಗಾಳಿ ಹೋಗುತ್ತಿಲ್ಲ. ಮುಂದಿನಿಂದ ಗ್ರಿಲ್ ತೊಳೆದರೆ ಈ ಕಸ ಇನ್ನೂ ಒಳಗೆ ಒತ್ತುತ್ತದೆ, ಎಂಜಿನ್ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಡಬೇಕು. ಜೋರಾದ ವಾಟರ್ ಜೆಟ್ಟಿಗೆ ರೇಡಿಯೇಟರ್‌ನ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಿಚಿಹೋಗುತ್ತವೆ.

ಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೇ ಮುಳ್ಳು ನೇರವಾಗಿ ಕೆಂಪಿಗೆ ಹೋಗುತ್ತಿದ್ದು, ರೇಡಿಯೇಟರ್‌ನ ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ತೆರೆದೇ ಸಿಕ್ಕಿಕೊಂಡರೆ ಇದಕ್ಕೆ ತಿರುಗುಮುರುಗು: ಹತ್ತು ಹದಿನೈದು ಕಿಲೋಮೀಟರ್ ಓಡಿದರೂ ಮುಳ್ಳು ಮಧ್ಯಕ್ಕೆ ಬರದು, ಬಂದರೂ ಹೆದ್ದಾರಿಯಲ್ಲಿ ಮತ್ತೆ ಇಳಿಯುತ್ತದೆ, ಮೈಲೇಜ್ ಕುಸಿಯುತ್ತದೆ. ಸ್ಕ್ಯಾನರ್‌ನಲ್ಲಿ ಪಿ0128 ಎಂಬ ಕೋಡ್ (ಕೂಲೆಂಟ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂಬ ದೋಷಸಂಖ್ಯೆ) ಬರಬಹುದು.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಗಾಡಿ ಹೀಟ್ ಆಗುತ್ತದೆ ಎಂದರೆ ಥರ್ಮೋಸ್ಟಾಟ್ ಕಿತ್ತು ಎಸೆಯುವುದು, ಫ್ಯಾನನ್ನು ‘ಡೈರೆಕ್ಟ್’ ಮಾಡುವುದು (ಸದಾ ತಿರುಗುವಂತೆ ವೈರ್ ಜೋಡಿಸುವುದು) ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ನಮ್ಮದು ಬಿಸಿ ದೇಶ, ಥರ್ಮೋಸ್ಟಾಟ್ ಬೇಡ ಎನ್ನುವ ಸಮಜಾಯಿಷಿ ತಪ್ಪು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ಆಯಿಲಿನಲ್ಲಿ ಸೇರಿದ ತೇವ ಆವಿಯಾಗದೆ ಕೆಸರು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ತೆಗೆದರೆ ಆ ದಾರಿ ಸದಾ ತೆರೆದೇ ಇದ್ದು, ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ಮರಳುತ್ತದೆ. ಘಾಟಿಯಲ್ಲಿ ಅಂಥ ಗಾಡಿ ಮೊದಲಿಗಿಂತ ಬೇಗ ಹೀಟ್ ಆಗುತ್ತದೆ.

ಮುಳ್ಳು ಹಾವು ಏಣಿ ಆಡುತ್ತಿದ್ದರೆ ಎರಡು ಸಾಧ್ಯತೆ. ಕೂಲೆಂಟ್ ಬದಲಿಸಿದ ಒಂದೆರಡು ದಿನದಲ್ಲಿ ಹೀಗಾದರೆ ಏರ್ ಲಾಕ್ (ಒಳಗೆ ಗಾಳಿ ಸಿಕ್ಕಿಕೊಂಡಿರುವುದು): ಸೆನ್ಸರ್ ತುದಿಗೆ ಒಮ್ಮೆ ಕೂಲೆಂಟ್, ಒಮ್ಮೆ ಗಾಳಿ ತಾಗುತ್ತಿದೆ. ಹೀಟರ್ ಹಾಕಿದರೆ ಬಿಸಿಗಾಳಿ ಬಾರದೆ ತಣ್ಣನೆ ಗಾಳಿ ಬರುವುದು ಇದಕ್ಕೆ ಸಾಕ್ಷಿ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಐಡ್ಲಿಂಗ್‌ನಲ್ಲಿ ಬಿಟ್ಟು ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ತುಂಬಿಸಬೇಕು. ಇನ್ನೊಂದು ಸಾಧ್ಯತೆ ವೈರಿಂಗ್. ಮುಳ್ಳು ಒಂದೇ ಸೆಕೆಂಡಿನಲ್ಲಿ ಸಿಯಿಂದ ಎಚ್‌ಗೆ (ಹಾಟ್, ಅಂದರೆ ಬಿಸಿ) ನೆಗೆದರೆ ಅದು ಬಿಸಿಯಿಂದಲ್ಲ. ನಾಲ್ಕೈದು ಲೀಟರ್ ಕೂಲೆಂಟ್ ಸೆಕೆಂಡಿನಲ್ಲಿ ಮೂವತ್ತು ಡಿಗ್ರಿ ಏರಲಾರದು. ಹಳೆಯ ಕಾರಿನಲ್ಲಿ ಹೆಡ್‌ಲೈಟ್ ಹಾಕಿದಾಗ ಮುಳ್ಳು ಕದಲಿದರೆ, ಅಥವಾ ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೇ ಏರಿದರೆ, ಮೀಟರ್ ಬೋರ್ಡಿನ ಅರ್ತ್ ಅಥವಾ ವೋಲ್ಟೇಜ್ ರೆಗ್ಯುಲೇಟರ್ ನೋಡಬೇಕು.

ಎಲ್ಲಕ್ಕಿಂತ ಅಪಾಯ ಯಾರೂ ಎಣಿಸದ ದಿಕ್ಕಿನಲ್ಲಿದೆ. ಏರುತ್ತಿದ್ದ ಮುಳ್ಳು ಏಕಾಏಕಿ ‘ಸಿ’ ಕಡೆಗೆ ಬಿದ್ದರೆ ಅನೇಕರು ಸದ್ಯ ತಣ್ಣಗಾಯಿತು ಎಂದು ಮುಂದೆ ಹೋಗುತ್ತಾರೆ. ಸೆನ್ಸರ್ ಸರಿಯಾದ ಅಂಕಿ ಕೊಡಬೇಕಾದರೆ ಅದರ ತುದಿ ಕೂಲೆಂಟಿನಲ್ಲಿ ಮುಳುಗಿರಬೇಕು. ಹೋಸ್ ಒಡೆದು ಕೂಲೆಂಟ್ ಪೂರ್ತಿ ಹೋಗಿದ್ದರೆ ಸೆನ್ಸರ್ ಸುತ್ತ ಬರೀ ಗಾಳಿ, ಆವಿ. ಹೆಡ್ಡಿನ ಲೋಹ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಕೆಳಗೇ ಇರುತ್ತದೆ. ಮುಳ್ಳು ಬಿದ್ದ ಜೊತೆಗೆ ಎಂಜಿನ್ ಪವರ್ ಕಡಿಮೆಯಾದರೆ, ಟಕಟಕ ಸದ್ದು, ಸಿಹಿ ವಾಸನೆ ಬಂದರೆ, ಅಥವಾ ಹಾಕಿದ ಹೀಟರ್ ತಣ್ಣನೆ ಗಾಳಿ ಊದಿದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ.

ಮುಳ್ಳು ಮೇಲೆ ಹೋಗುತ್ತಿರುವಾಗ

ಮುಳ್ಳು ಮಧ್ಯ ಬಿಟ್ಟು ಕೆಂಪಿಗೆ ಇನ್ನೂ ತಲುಪದಿದ್ದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ಜೋರಿಗೆ ಇಟ್ಟು ಕಿಟಕಿ ತೆರೆಯಿರಿ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ, ಬೇಸಿಗೆಯಲ್ಲಿ ಹಿಂಸೆ ಎನಿಸಿದರೂ ಹಲವು ಡಿಗ್ರಿ ಇಳಿಸಿಕೊಡುತ್ತದೆ. ಆಕ್ಸಲರೇಟರ್ ಹಗುರ ಮಾಡಿ ನಿಲ್ಲಿಸುವ ಜಾಗ ಹುಡುಕಿ. ಕೂಲೆಂಟ್ ಸೋರದೆ, ಫ್ಯಾನ್ ತಿರುಗುತ್ತಿದ್ದರೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುವುದರಿಂದ ಅನುಕೂಲ. ಮುಳ್ಳು ಕೆಂಪು ಮುಟ್ಟಿದ್ದರೆ, ಆವಿ ಬರುತ್ತಿದ್ದರೆ, ಕೆಳಗೆ ಸೋರುತ್ತಿದ್ದರೆ, ತಕ್ಷಣ ಆಫ್.

ಆಮೇಲೆ ಮೂವತ್ತು ನಲವತ್ತು ನಿಮಿಷ ಕಾಯಲೇಬೇಕು. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಗೇ ಬಿಡುಗಡೆಯಾಗಿ ನೂರು ಡಿಗ್ರಿ ಮೀರಿದ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸನ್ನು ದಪ್ಪ ಬಟ್ಟೆ ಇಟ್ಟು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇದೆ. ಎಂಜಿನ್ ಮೇಲೆ ತಣ್ಣೀರು ಸುರಿಯುವುದಂತೂ ಬೇಡವೇ ಬೇಡ. ಅಲ್ಯೂಮಿನಿಯಂ ಹೆಡ್ ಒಂದು ಕಡೆ ಏಕಾಏಕಿ ಕುಗ್ಗಿ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಹೆಡ್ಡಿಗೆ ಅನುಮತಿಸಿರುವ ಸೊಟ್ಟ 0.05 ಮಿಲಿಮೀಟರ್. ಅದನ್ನು ಮೀರಿದರೆ ಹೆಡ್ಡಿನ ಕೆಳಗಿರುವ ಸೀಲ್ ಆದ ಗ್ಯಾಸ್ಕೆಟ್ ಹಿಡಿಯುವುದಿಲ್ಲ.

ಒಮ್ಮೆ ಕೆಂಪು ಮುಟ್ಟಿದ ಗಾಡಿಯಲ್ಲಿ ಹೋಸ್ ಬದಲಿಸಿ ಕೂಲೆಂಟ್ ತುಂಬಿದರೆ ಕೆಲಸ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದೊಳಗೆ ಮೇಲಿನ ಹೋಸ್ ಒತ್ತಿ ನೋಡಿ. ಕೂಲೆಂಟ್ ಇನ್ನೂ ಬಿಸಿಯೇ ಆಗಿಲ್ಲದಿರುವಾಗ ಹೋಸ್ ಗಟ್ಟಿಯಾಗಿದ್ದರೆ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ರೇಡಿಯೇಟರ್‌ನಲ್ಲಿ ನಿಲ್ಲದ ಗುಳ್ಳೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಹಾಲು ಬೆರೆಸಿದಂಥ ಬಣ್ಣ ಕಂಡರೂ ಅದೇ ಅನುಮಾನ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮೀಟರ್ ಸುಳ್ಳು ಹೇಳುತ್ತಿದೆಯೇ ಎಂಬ ಅನುಮಾನವಿದ್ದರೆ ಮೊದಲು ಒಬಿಡಿ ಅಂಕಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ತಾಪವೂ ಒಳಬರುವ ಗಾಳಿಯ ತಾಪವೂ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡರ ನಡುವೆ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಒಂದು ಸೆನ್ಸರ್ ಕೆಟ್ಟಿದೆ. ಕೂಲೆಂಟ್ ಅಂಕಿ ಮೈನಸ್ 40 ಎಂದು ತೋರಿಸಿದರೆ ವೈರ್ ತುಂಡಾಗಿದೆ ಅಥವಾ ಕಪ್ಲರ್ ಕಳಚಿದೆ. ಹಾಗಾದಾಗ ಅನೇಕ ಕಾರುಗಳಲ್ಲಿ ಇಸಿಯು ಮುನ್ನೆಚ್ಚರಿಕೆಗಾಗಿ ಫ್ಯಾನನ್ನು ನಿಲ್ಲಿಸದೆ ತಿರುಗಿಸುತ್ತದೆ. ಒಂದೇ ವೈರಿನ ಹಳೆಯ ಸೆನ್ಸರಾದರೆ ಕೀ ಆನ್ ಮಾಡಿ ವೈರ್ ಕಳಚಿ: ಮುಳ್ಳು ಸಿಗೆ ಬೀಳಬೇಕು. ಆ ವೈರನ್ನು ಒಂದು ಕ್ಷಣ ಎಂಜಿನ್ ಬಾಡಿಗೆ ತಾಗಿಸಿ: ಎಚ್ ಕಡೆಗೆ ಏರಬೇಕು. ಎರಡೂ ಆದರೆ ಮೀಟರೂ ವೈರಿಂಗೂ ಸರಿ, ದೋಷ ಸೆನ್ಸರಿನಲ್ಲಿ. ಎರಡು ವೈರಿನ ಸೆನ್ಸರಿಗೆ ಈ ಪರೀಕ್ಷೆ ಮಾಡಬೇಡಿ.

ಬಿಚ್ಚಿದ ಸೆನ್ಸರನ್ನೂ ಥರ್ಮೋಸ್ಟಾಟನ್ನೂ ಒಂದೇ ಪಾತ್ರೆಯಲ್ಲಿ ಪರೀಕ್ಷಿಸಬಹುದು. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ಎರಡನ್ನೂ ತಳಕ್ಕೆ ತಾಗದಂತೆ ತಂತಿಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ನಿಧಾನವಾಗಿ ಕಾಯಿಸಿ. ಸೆನ್ಸರಿನ ಕಪ್ಲರ್ ತುದಿ ನೀರಿನ ಮೇಲಿರಲಿ, ಮಲ್ಟಿಮೀಟರ್‌ನಲ್ಲಿ ಓಮ್ ಅಂಕಿ ಜಿಗಿಯದೆ ಸತತವಾಗಿ ಇಳಿಯಬೇಕು. 82ರ ಥರ್ಮೋಸ್ಟಾಟ್ 80ರಿಂದ 84ರೊಳಗೆ ತೆರೆಯಲು ಶುರುಮಾಡಿ 95ರ ಹೊತ್ತಿಗೆ ಪೂರ್ತಿ ತೆರೆಯಬೇಕು. ಸುಜುಕಿ ಎಂಜಿನ್‌ಗಳಲ್ಲಿ ಆಗ ವಾಲ್ವ್ ಕನಿಷ್ಠ 8 ಮಿಲಿಮೀಟರ್ ಎದ್ದಿರಬೇಕು. ಒಲೆ ಆರಿಸಿ ನೀರು ತಣಿದಾಗ ಅದು ಪೂರ್ತಿ ಮುಚ್ಚುತ್ತದೆಯೇ ಎಂದೂ ನೋಡಿ. ವಾಪಸ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಅಥವಾ ಒ-ರಿಂಗ್ ಹಾಕಿ, ಥರ್ಮೋಸ್ಟಾಟ್ ಅಂಚಿನಲ್ಲಿರುವ ಸಣ್ಣ ಗಾಳಿರಂಧ್ರ, ಕಂಪನಿ ಬೇರೆ ಹೇಳದಿದ್ದರೆ, ಮೇಲ್ಭಾಗಕ್ಕೆ ಬರುವಂತೆ ಇಡಿ. ಕೂಲೆಂಟ್ ತುಂಬುವಾಗ ಒಳಗಿನ ಗಾಳಿ ಆ ರಂಧ್ರದಿಂದಲೇ ಹೊರಹೋಗುತ್ತದೆ.